ಸಹಿ ಕೊನೆಯ ಕೆಲಸ

ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಮೊಬೈಲಿನಲ್ಲೇ ದುಡ್ಡು ಕೊಡುವ ಕಾಲ ಇದು. ಇಂಥ ಹೊತ್ತಿನಲ್ಲಿ ಚೆಕ್ಕಿನ ಬಗ್ಗೆ ಮಾತಾಡಲು ಬಂದಿದ್ದೀರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಮೊಬೈಲಿಗೆ ಹೋದದ್ದು ಹೆಚ್ಚಾಗಿ ಸಣ್ಣ ಹಣ. ಮನೆ ಬಾಡಿಗೆಯ ಅಡ್ವಾನ್ಸು, ಸೈಟಿನ ಮುಂಗಡ, ಕಲ್ಯಾಣ ಮಂಟಪದ ಬಾಕಿ, ಗುತ್ತಿಗೆದಾರರ ಬಿಲ್ಲು, ಹಾಲಿನ ಸೊಸೈಟಿಯ ಲೆಕ್ಕ, ಸ್ತ್ರೀಶಕ್ತಿ ಸಂಘದ ಸಾಲ ಇಂಥ ಕಡೆಗಳಲ್ಲಿ ಚೆಕ್ಕು ಇನ್ನೂ ಓಡಾಡುತ್ತಲೇ ಇದೆ. ಸಾಲಕ್ಕೆ ಭದ್ರತೆ ಕೊಡಿ ಅಂದರಂತೂ ಮೊದಲು ಕೇಳುವುದೇ ಚೆಕ್ಕು.

ತಿಂಗಳಿಗೆ ಹತ್ತು ಚೆಕ್ಕು ಬರೆಯುತ್ತಿದ್ದವರು ಈಗ ವರ್ಷಕ್ಕೆ ಒಂದೆರಡು ಬರೆಯುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಒಂದನ್ನೂ ಬರೆದವರಲ್ಲ. ಹೀಗೆ ಬರೆಯುವುದು ಕಡಿಮೆಯಾದಂತೆ ಕೈಗಿದ್ದ ಎಚ್ಚರವೂ ಕಡಿಮೆಯಾಗಿದೆ. ಅಪರೂಪಕ್ಕೆ ಬರೆಯುವುದು, ಬರೆದರೆ ದೊಡ್ಡ ಮೊತ್ತ. ಅಪಾಯ ಇರುವುದು ಅಲ್ಲೇ.

ಇವತ್ತಿನ ಮಾತಿಗೆ ಒಂದು ಪ್ರಶ್ನೆಯನ್ನು ಇಟ್ಟುಕೊಳ್ಳೋಣ. ನಿಮ್ಮ ಚೆಕ್ಕು ತಪ್ಪು ಕೈಗೆ ಬಿದ್ದು ಖಾತೆಯಿಂದ ಹಣ ಹೋಯಿತು ಅನ್ನಿ. ಆ ನಷ್ಟ ಯಾರ ತಲೆಯ ಮೇಲೆ? ಬ್ಯಾಂಕಿನದೋ, ನಿಮ್ಮದೋ?

ನಮ್ಮ ದೇಶದಲ್ಲಿ ಚೆಕ್ಕಿನ ವಿಷಯ ಇವತ್ತಿಗೂ ನಡೆಯುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಮೇಲೆ. ಚೆಕ್ಕು ಅಂದರೆ ನೀವು ನಿಮ್ಮ ಬ್ಯಾಂಕಿಗೆ ಬರೆದುಕೊಡುವ ಆಜ್ಞೆ. ಇಂಥವರಿಗೆ ಇಷ್ಟು ಹಣ ಕೊಡಿ ಎಂದು ನೀವು ಹೇಳಿದಿರಿ, ಬ್ಯಾಂಕು ಕೊಟ್ಟಿತು. ಆಜ್ಞೆ ನಿಮ್ಮದೇ ಎನ್ನುವುದಕ್ಕೆ ಸಾಕ್ಷಿ ಸಹಿ. ಹಾಗಾದರೆ ಸಹಿ ನಿಮ್ಮದಲ್ಲದಿದ್ದರೆ? ಆಗ ಆಜ್ಞೆಯೇ ಇಲ್ಲ. ಇಲ್ಲದ ಆಜ್ಞೆಗೆ ಬ್ಯಾಂಕು ಹಣ ಕೊಟ್ಟಿದ್ದರೆ ಅದು ಬ್ಯಾಂಕಿನ ನಷ್ಟ.

ಇದನ್ನು ಸ್ಪಷ್ಟವಾಗಿ ಹೇಳಿದ ತೀರ್ಪು ಕೆನರಾ ಬ್ಯಾಂಕ್ ಮತ್ತು ಕೆನರಾ ಸೇಲ್ಸ್ ಕಾರ್ಪೊರೇಷನ್ ನಡುವಿನ ವ್ಯಾಜ್ಯದ್ದು. ಸುಪ್ರೀಂ ಕೋರ್ಟು ಅದನ್ನು ಕೊಟ್ಟದ್ದು 1987ರಲ್ಲಿ. ಕಂಪನಿಯ ಚೆಕ್ ಪುಸ್ತಕ ಅಲ್ಲಿನ ಲೆಕ್ಕಾಧಿಕಾರಿಯ ಸುಪರ್ದಿನಲ್ಲಿತ್ತು. ಮ್ಯಾನೇಜಿಂಗ್ ಡೈರೆಕ್ಟರ್ ಅವರ ಸಹಿಯನ್ನು ನಕಲು ಮಾಡಿದ 42 ಚೆಕ್ಕುಗಳು ಒಂದಾದ ಮೇಲೊಂದರಂತೆ ಪಾಸಾದವು. ನೀವು ಇಷ್ಟು ಕಾಲ ಲೆಕ್ಕ ನೋಡದೆ ಸುಮ್ಮನಿದ್ದಿರಿ, ತಪ್ಪು ನಿಮ್ಮದು ಎಂಬುದು ಬ್ಯಾಂಕಿನ ವಾದ. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಕಲಿ ಸಹಿಯ ಚೆಕ್ಕಿಗೆ ಗಿರಾಕಿಯ ಆಜ್ಞೆ ಎಂಬುದೇ ಇರುವುದಿಲ್ಲ, ಪಾಸ್ ಪುಸ್ತಕ ನೋಡಲಿಲ್ಲ ಎಂಬ ಒಂದೇ ಕಾರಣಕ್ಕೆ ನಷ್ಟವನ್ನು ಗಿರಾಕಿಯ ಮೇಲೆ ಹೊರಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಸರಿ, ನಾವು ಗೆದ್ದೆವು ಎಂದುಕೊಳ್ಳಬೇಡಿ. ಇದಕ್ಕೆ ಇನ್ನೊಂದು ಮಗ್ಗುಲಿದೆ. ಸಹಿ ನಿಮ್ಮದೇ, ಆದರೆ ಮೊತ್ತವನ್ನು ಬೇರೆಯವರು ತಿದ್ದಿದ್ದಾರೆ. ಆಗ?

1918ರಲ್ಲಿ ಲಂಡನ್ನಿನಲ್ಲಿ ತೀರ್ಮಾನವಾದ ಒಂದು ಪ್ರಕರಣ ಬ್ಯಾಂಕಿಂಗ್ ಓದಿದವರಿಗೆಲ್ಲ ಗೊತ್ತು. ಒಂದು ಸಂಸ್ಥೆಯ ಗುಮಾಸ್ತ, ಚಿಲ್ಲರೆ ಖರ್ಚಿಗೆ ಎರಡು ಪೌಂಡಿನ ಚೆಕ್ಕು ಬೇಕು ಎಂದು ಮಾಲೀಕರ ಮುಂದೆ ಹಾಳೆ ಹಿಡಿದ. ಅಂಕಿಯ ಜಾಗದಲ್ಲಿ 2 ಎಂದಷ್ಟೇ ಇತ್ತು, ಅದರ ಎಡಕ್ಕೂ ಬಲಕ್ಕೂ ಜಾಗವಿತ್ತು. ಅಕ್ಷರದಲ್ಲಿ ಮೊತ್ತ ಬರೆಯುವ ಸಾಲು ಖಾಲಿ. ಮಾಲೀಕರು ಹೊರಗೆ ಹೊರಡುವ ಆತುರದಲ್ಲಿದ್ದರು, ಸಹಿ ಹಾಕಿದರು. ಗುಮಾಸ್ತ 2ರ ಹಿಂದೆ 1, ಮುಂದೆ 0 ಸೇರಿಸಿದ. ಖಾಲಿ ಸಾಲಿನಲ್ಲಿ ನೂರ ಇಪ್ಪತ್ತು ಪೌಂಡು ಎಂದು ಬರೆದ. ಹಣ ತೆಗೆದುಕೊಂಡು ಹೋದ. ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಇಷ್ಟು: ಚೆಕ್ಕನ್ನು ತಿದ್ದಲು ಆಸ್ಪದವಿಲ್ಲದಂತೆ ಬರೆಯುವುದು ಗಿರಾಕಿಯ ಕರ್ತವ್ಯ. ನೀವು ಜಾಗ ಬಿಟ್ಟಿರಿ, ನಷ್ಟ ನಿಮ್ಮದು.

ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ನಿಮ್ಮ ಸಹಿಯನ್ನು ಕದ್ದರೆ ಹೊಣೆ ಬ್ಯಾಂಕಿನದು. ನೀವೇ ಸಹಿ ಹಾಕಿ ಜಾಗ ಬಿಟ್ಟುಕೊಟ್ಟರೆ ಹೊಣೆ ನಿಮ್ಮದು. ನಾನು ಇವತ್ತು ಹೇಳುವ ಎಲ್ಲ ಎಚ್ಚರಿಕೆಗಳೂ ಈ ಒಂದು ಮಾತಿನಿಂದ ಹುಟ್ಟಿದವು. ಬರೆಯುವುದೆಲ್ಲ ಮುಗಿದ ಮೇಲೆಯೇ ಸಹಿ. ಸಹಿ ಕೊನೆಯ ಕೆಲಸ.

ಇನ್ನು ಹಾಳೆಯನ್ನು ಕೈಗೆ ತೆಗೆದುಕೊಳ್ಳೋಣ.

ಮೊದಲು ತಾರೀಕು. ಎಂಟು ಚೌಕಗಳಿರುತ್ತವೆ, ದಿನಕ್ಕೆ ಎರಡು, ತಿಂಗಳಿಗೆ ಎರಡು, ವರ್ಷಕ್ಕೆ ನಾಲ್ಕು. ಚೆಕ್ಕಿನ ಆಯುಸ್ಸು ಆ ತಾರೀಕಿನಿಂದ ಮೂರು ತಿಂಗಳು. ಹಿಂದೆ ಆರು ತಿಂಗಳಿತ್ತು. ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಅದನ್ನು ಮೂರಕ್ಕೆ ಇಳಿಸಿತು. ಆರು ತಿಂಗಳ ಹಳೆಯ ಲೆಕ್ಕದಲ್ಲೇ ಇರುವ ಹಿರಿಯರು ಈಗಲೂ ಇದ್ದಾರೆ. ಮಗಳ ಮದುವೆಗೆ ಬಂದ ಮುಯ್ಯಿ ಚೆಕ್ಕನ್ನು ನಿಧಾನವಾಗಿ ಹಾಕಿದರಾಯಿತು ಎಂದು ಇಟ್ಟುಕೊಂಡರೆ ಅದು ವಾಪಸು ಬರುತ್ತದೆ. ತಾರೀಕು ಬರೆಯದೆ ಚೆಕ್ಕು ಕೊಡುವುದಂತೂ ಬೇಡ. ಯಾವ ದಿನ ಹಣ ಹೋಗಬೇಕು ಎಂಬ ತೀರ್ಮಾನವನ್ನೇ ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ.

ಎರಡನೆಯದು ಹೆಸರು. ಅವರ ಖಾತೆಯಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ಸಂಸ್ಥೆಗಾದರೆ ಪೂರ್ತಿ ಹೆಸರು. ಮೂರಕ್ಷರದ ಸಂಕ್ಷೇಪ ಬೇಡ. ಅದೇ ಮೂರಕ್ಷರಕ್ಕೆ ಹೊಂದುವ ಇನ್ನೊಂದು ಖಾತೆ ಎಲ್ಲೋ ಇರಬಹುದು. ಹೆಸರು ಮುಗಿದ ಮೇಲೆ ಉಳಿದ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಬ್ಯಾಂಕಿನ ಸಾಲಕ್ಕೋ ವಿಮೆಯ ಕಂತಿಗೋ ಕೊಡುವಾಗ ಬ್ಯಾಂಕಿನ ಅಥವಾ ಕಂಪನಿಯ ಹೆಸರು ಮಾತ್ರ ಬರೆದು ನಿಲ್ಲಿಸಬೇಡಿ. ಹೆಸರಿನ ಮುಂದೆಯೇ ಸಾಲದ ಖಾತೆಯ ಸಂಖ್ಯೆ ಅಥವಾ ಪಾಲಿಸಿ ಸಂಖ್ಯೆ ಹಾಕಿ. ಡಿ.ಡಿ. ತೆಗೆಸಲು ಬ್ಯಾಂಕಿಗೇ ಯುವರ್‌ಸೆಲ್ಫ್ ಎಂದು ಚೆಕ್ಕು ಬರೆಯುತ್ತೇವಲ್ಲ, ಅದರಲ್ಲೂ ಯಾರ ಹೆಸರಿಗೆ ಡಿ.ಡಿ. ಎಂಬುದನ್ನು ಸೇರಿಸಿ. ಇಲ್ಲದಿದ್ದರೆ ನಿಮ್ಮ ಹಣ ಇನ್ನೊಬ್ಬರ ಕಂತಾಗಿಯೋ ಇನ್ನೊಬ್ಬರ ಡಿ.ಡಿ. ಆಗಿಯೋ ಹೋಗಬಹುದು.

ಮೂರನೆಯದು ಮೊತ್ತ. ಲಂಡನ್ನಿನ ಆ ಗುಮಾಸ್ತನನ್ನು ಇಲ್ಲಿ ನೆನೆಯಬೇಕು. ಎಂಟು ಸಾವಿರ ರೂಪಾಯಿಯ ಚೆಕ್ಕು ಎಂದುಕೊಳ್ಳಿ. ಅಕ್ಷರದ ಸಾಲಿನಲ್ಲಿ ಎಡಗಡೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಎಂಟು ಸಾವಿರ ಎಂದು ಬರೆದಿರಿ. ಆ ಜಾಗದಲ್ಲಿ ಒಂದು ಲಕ್ಷದ ಎಂದು ಸೇರಿಸಲು ಎಷ್ಟು ಹೊತ್ತು ಬೇಕು? ಅಂಕಿಯ ಚೌಕದಲ್ಲಿ ರೂಪಾಯಿ ಚಿಹ್ನೆಗೂ 8ಕ್ಕೂ ನಡುವೆ ಜಾಗವಿದ್ದರೆ 8,000 ಎಂಬುದು 1,08,000 ಆಗುತ್ತದೆ. ಅದಕ್ಕೇ ಅಕ್ಷರವನ್ನು ಸಾಲಿನ ಮೊದಲ ತುದಿಯಿಂದಲೇ ಶುರು ಮಾಡಿ. ಪದಗಳ ನಡುವೆ ಹೆಚ್ಚು ಜಾಗ ಬೇಡ. ಕೊನೆಗೆ ಮಾತ್ರ ಎಂದು ಬರೆದು ಗೆರೆ ಎಳೆಯಿರಿ. ಅಂಕಿಯನ್ನು ರೂಪಾಯಿ ಚಿಹ್ನೆಗೆ ಒತ್ತಿ ಬರೆದು ಕೊನೆಗೆ ಓರೆಗೆರೆ, ಅಡ್ಡಗೆರೆ ಹಾಕಿ. ಅಂಕಿ ಒಂದು, ಅಕ್ಷರ ಒಂದು ಆದರೆ? ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಂಥ ಚೆಕ್ಕನ್ನು ವಾಪಸು ಕಳಿಸುತ್ತವೆ.

ಕನ್ನಡದಲ್ಲಿ ಚೆಕ್ಕು ಬರೆಯಬಹುದೇ ಎಂದು ತುಂಬ ಮಂದಿ ಕೇಳುತ್ತಾರೆ. ಧಾರಾಳವಾಗಿ ಬರೆಯಬಹುದು. ಚೆಕ್ಕಿನ ಹಾಳೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಗಿರಬೇಕು, ಗಿರಾಕಿ ಮಾತ್ರ ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆಯಲ್ಲೇ ಇದೆ. ಕರ್ನಾಟಕದ ಕೌಂಟರಿನಲ್ಲಿ ಕನ್ನಡದ ಚೆಕ್ಕು ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ಸೂಚನೆಯನ್ನು ನೆನಪಿಸಿ. ನಿಮಗೆ ಸರಾಗವಾಗಿ ಬರುವ ಭಾಷೆಯಲ್ಲಿ ಬರೆದರೆ ತಪ್ಪು ಕಡಿಮೆ. ಓದದ ಭಾಷೆಯಲ್ಲಿ ಇನ್ನೊಬ್ಬರಿಂದ ಬರೆಸಿ ಸಹಿ ಮಾತ್ರ ನಮ್ಮದು ಮಾಡುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ನಾಲ್ಕನೆಯದು ಕ್ರಾಸಿಂಗ್. ಹಾಳೆಯ ಎಡ ಮೇಲ್ಮೂಲೆಯಲ್ಲಿ ಎರಡು ಓರೆಗೆರೆ. ಇಷ್ಟು ಮಾಡಿದರೆ ಆ ಚೆಕ್ಕಿಗೆ ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಯಾವುದಾದರೂ ಖಾತೆಯ ಮೂಲಕವೇ ಹೋಗಬೇಕು. ಗೆರೆಗಳ ನಡುವೆ ಅಕೌಂಟ್ ಪೇಯಿ ಎಂದು ಬರೆದರೆ ಹೆಸರಿದ್ದವರ ಖಾತೆಗೇ ಹೋಗಬೇಕು. ಜೊತೆಗೆ ಬೇರರ್ ಎಂದು ಅಚ್ಚಾಗಿದ್ದರೆ ಅದನ್ನು ಹೊಡೆದುಹಾಕಿ. ಬೇರರ್ ಚೆಕ್ಕನ್ನು ಕ್ರಾಸ್ ಮಾಡದೆ ಬಿಟ್ಟರೆ ಅದು ಯಾರ ಕೈಯಲ್ಲಿದೆಯೋ ಅವರದು. ದಾರಿಯಲ್ಲಿ ಬಿದ್ದರೆ ಎತ್ತಿಕೊಂಡವರದು. ನಿಮಗೇ ನಗದು ಬೇಕಾಗಿ ಸೆಲ್ಫ್ ಎಂದು ಬರೆಯುವುದಾದರೆ ಬ್ಯಾಂಕಿನೊಳಗೆ ಹೋದ ಮೇಲೆ ಬರೆಯಿರಿ. ಮನೆಯಲ್ಲಿ ಬರೆದು ಜೇಬಿನಲ್ಲಿಟ್ಟು ಬಸ್ಸು ಹತ್ತಬೇಡಿ.

ತಪ್ಪು ಬರೆದರೆ? ಹಿಂದೆ ತಿದ್ದಿ ಪಕ್ಕದಲ್ಲೊಂದು ಸಹಿ ಹಾಕಿದರೆ ಸಾಕಿತ್ತು. ಈಗ ಅದು ನಡೆಯುವುದಿಲ್ಲ. ಚೆಕ್ಕಿನ ಹಾಳೆ ಇವತ್ತು ಊರಿಂದೂರಿಗೆ ಓಡಾಡುವುದಿಲ್ಲ. ಸಿಟಿಎಸ್ ಎಂಬ ವ್ಯವಸ್ಥೆಯಲ್ಲಿ ಹಾಳೆ ನೀವು ಹಾಕಿದ ಬ್ಯಾಂಕಿನಲ್ಲೇ ನಿಲ್ಲುತ್ತದೆ, ಅದರ ಚಿತ್ರ ಮಾತ್ರ ಹೋಗುತ್ತದೆ. 2008ರಲ್ಲಿ ದಿಲ್ಲಿಯಲ್ಲಿ, 2011ರಲ್ಲಿ ಚೆನ್ನೈಯಲ್ಲಿ, 2013ರಲ್ಲಿ ಮುಂಬೈಯಲ್ಲಿ ಶುರುವಾಗಿ ಇವತ್ತು ದೇಶದ ತುಂಬ ಹರಡಿದೆ. ಚಿತ್ರದಲ್ಲಿ ತಿದ್ದಿದ್ದು ಯಾವುದು, ತಿದ್ದಿದವರು ಯಾರು ಎಂದು ತಿಳಿಯುವುದು ಕಷ್ಟ. ಹಾಗಾಗಿ ಅವಧಿ ಮುಂದುವರಿಸಲು ತಾರೀಕು ತಿದ್ದುವುದೊಂದನ್ನು ಬಿಟ್ಟರೆ ಬೇರೆ ತಿದ್ದುಪಡಿಗೆ ಅವಕಾಶವಿಲ್ಲ. ತಪ್ಪಾಯಿತೇ, ಹಾಳೆ ಹರಿದುಹಾಕಿ, ಇನ್ನೊಂದು ಬರೆಯಿರಿ. ಒಂದು ಹಾಳೆಯ ಜಿಪುಣತನ ಬೇಡ.

ಹಾಳೆಯ ಕೆಳಗೆ ಬಿಳಿಯ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕಿಗಳಿವೆಯಲ್ಲ, ಅವು ಯಂತ್ರ ಓದಲೆಂದು ಮ್ಯಾಗ್ನೆಟಿಕ್ ಶಾಯಿಯಲ್ಲಿ ಅಚ್ಚು ಮಾಡಿದವು. ಮೊದಲ ಆರು ಅಂಕಿ ಚೆಕ್ಕಿನ ಸಂಖ್ಯೆ. ಆಮೇಲಿನ ಒಂಬತ್ತರಲ್ಲಿ ಮೊದಲ ಮೂರು ಊರು, ಮುಂದಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಬೆಂಗಳೂರಿನದಾದರೆ 560 ಎಂದು ಶುರುವಾಗುತ್ತದೆ, ಪಿನ್ ಕೋಡಿನಂತೆಯೇ. ಆ ಪಟ್ಟಿಯ ಮೇಲೆ ಬರೆಯುವುದು, ಮೊಹರು ಒತ್ತುವುದು, ಪಿನ್ನು ಚುಚ್ಚುವುದು, ಮಡಿಸುವುದು ಯಾವುದೂ ಕೂಡದು.

ಶಾಯಿಯ ವಿಷಯಕ್ಕೆ ಬರೋಣ. ಕಪ್ಪು ಶಾಯಿಯಲ್ಲಿ ಬರೆದ ಚೆಕ್ಕು ಇನ್ನು ಮುಂದೆ ನಡೆಯುವುದಿಲ್ಲವಂತೆ ಎಂಬ ಸುದ್ದಿ 2025ರ ಆರಂಭದಲ್ಲಿ ವಾಟ್ಸ್‌ಆ್ಯಪಿನಲ್ಲಿ ಓಡಾಡಿತು. ಅದು ಸುಳ್ಳು ಎಂದು ಕೇಂದ್ರ ಸರ್ಕಾರದ ವಾರ್ತಾ ವಿಭಾಗವೇ ಹೇಳಬೇಕಾಯಿತು. ಕಪ್ಪಾಗಲಿ ನೀಲಿಯಾಗಲಿ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಬೇಕು, ಅಳಿಸಲು ಬರಬಾರದು, ಅಷ್ಟೇ. ಆದರೆ ಪೆನ್ನು ಮಾತ್ರ ನಿಮ್ಮದೇ ಆಗಿರಲಿ. ಬಿಸಿ ತಾಗಿದರೆ ಮಾಯವಾಗುವ ಶಾಯಿಯ ಪೆನ್ನುಗಳಿವೆ. ಸಾಲ ಕೊಡಿಸುತ್ತೇನೆ, ಕಾರ್ಡು ಮಾಡಿಸುತ್ತೇನೆ ಎಂದು ಮನೆಗೆ ಬಂದ ವ್ಯಕ್ತಿ ಕ್ಯಾನ್ಸಲ್ ಮಾಡಿದ ಚೆಕ್ಕು ಬೇಕು ಎನ್ನುತ್ತಾನೆ. ತನ್ನ ಪೆನ್ನಿನಿಂದ ಕ್ಯಾನ್ಸಲ್ಡ್ ಎಂದು ಬರೆದು, ನಿಮ್ಮ ಸಹಿಯನ್ನೂ ಹಾಕಿಸಿಕೊಳ್ಳುತ್ತಾನೆ. ಸಹಿ ನಿಮ್ಮ ಪೆನ್ನಿನದು, ಅದು ಉಳಿಯುತ್ತದೆ. ಕ್ಯಾನ್ಸಲ್ಡ್ ಎಂಬ ಪದ ಬಿಸಿಗೆ ಅಳಿದುಹೋಗುತ್ತದೆ. ಕೈಗೆ ಸಿಕ್ಕಿದ್ದು ಸಹಿಯಿರುವ ಖಾಲಿ ಚೆಕ್ಕು! ನೆನಪಿಡಿ, ಕ್ಯಾನ್ಸಲ್ ಮಾಡಿದ ಚೆಕ್ಕಿಗೆ ಸಹಿ ಬೇಕಿಲ್ಲ. ಖಾತೆಯ ಸಂಖ್ಯೆ, ಶಾಖೆಯ ವಿವರ ಕಂಡರೆ ಸಾಕು. ನಿಮ್ಮ ಪೆನ್ನಿನಿಂದ ಹಾಳೆಯ ಅಡ್ಡಕ್ಕೆ ದೊಡ್ಡದಾಗಿ ನೀವೇ ಬರೆಯಿರಿ, ಸಹಿ ಹಾಕಬೇಡಿ.

ಈಗ ಅತ್ಯಂತ ಮುಖ್ಯವಾದ ಮಾತಿಗೆ ಬಂದೆ. ಸಹಿ ಹಾಕಿದ ಖಾಲಿ ಚೆಕ್ಕು.

ನಮ್ಮಲ್ಲಿ ಇದು ಎರಡು ರೀತಿಯಲ್ಲಿ ನಡೆಯುತ್ತದೆ. ಒಂದು, ನಂಬಿಕೆಯಿಂದ. ಸಂಘದ ಖಾತೆಗೆ ಇಬ್ಬರ ಸಹಿ ಬೇಕು. ಅಧ್ಯಕ್ಷೆ ಮಗಳ ಬಾಣಂತನಕ್ಕೆ ಊರಿಗೆ ಹೊರಟಿದ್ದಾರೆ. ಅಕ್ಕಾ, ಒಂದು ನಾಲ್ಕು ಹಾಳೆಗೆ ಸಹಿ ಹಾಕಿ ಹೋಗಿ ಎನ್ನುತ್ತಾರೆ ಕಾರ್ಯದರ್ಶಿ. ಅಕ್ಕ ಹಾಕುತ್ತಾರೆ. ಇಬ್ಬರ ಸಹಿ ಬೇಕು ಎಂದು ನಿಯಮ ಮಾಡಿದ್ದೇ ಒಬ್ಬರನ್ನೊಬ್ಬರು ನೋಡಿಕೊಳ್ಳಲಿ ಎಂದು. ಮೊದಲೇ ಸಹಿ ಹಾಕಿಟ್ಟರೆ ಆ ನಿಯಮ ಇದ್ದೂ ಇಲ್ಲದಂತೆ. 1827ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಒಬ್ಬ ವ್ಯಾಪಾರಿ ಹೀಗೆ ಸಹಿ ಮಾಡಿದ ಚೆಕ್ಕುಗಳನ್ನು ಹೆಂಡತಿಯ ಕೈಗೆ ಕೊಟ್ಟು ಹೋಗಿದ್ದ. ಆಕೆ ಗುಮಾಸ್ತನಿಂದ ಐವತ್ತು ಚಿಲ್ಲರೆ ಪೌಂಡು ಬರೆಸಿದಳು. ಅವನು ಬೇಕೆಂದೇ ಮುಂದೆ ಜಾಗ ಬಿಟ್ಟಿದ್ದ, ಆಮೇಲೆ ಅದನ್ನು ಮುನ್ನೂರೈವತ್ತು ಮಾಡಿಕೊಂಡ. ನ್ಯಾಯಾಲಯ ಬ್ಯಾಂಕಿನ ಪರ ನಿಂತಿತು. ಆಗಿನ ಕಾನೂನೂ ಅದೇ, ಈಗಿನದೂ ಅದೇ.

ಇನ್ನೊಂದು, ಗತಿಯಿಲ್ಲದೆ. ಕೈಸಾಲ ಕೊಡುವವರು, ಚೀಟಿ ನಡೆಸುವವರು, ಬಡ್ಡಿ ವ್ಯವಹಾರದವರು ಎರಡು ಮೂರು ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಸುಮ್ಮನೆ ಭದ್ರತೆಗೆ, ಬ್ಯಾಂಕಿಗೆ ಹಾಕುವುದಿಲ್ಲ ಎನ್ನುತ್ತಾರೆ. ಐವತ್ತು ಸಾವಿರ ಸಾಲಕ್ಕೆ ಕೊಟ್ಟ ಚೆಕ್ಕಿನಲ್ಲಿ ನಾಳೆ ಐದು ಲಕ್ಷ ಎಂದು ಬರೆದುಕೊಂಡರೆ ನೀವು ಕೋರ್ಟಿನಲ್ಲಿ ಏನು ಹೇಳುತ್ತೀರಿ? ಅಕ್ಷರ ನನ್ನದಲ್ಲ ಎನ್ನುತ್ತೀರಿ. ಸಹಿ? ನನ್ನದೇ. ಕಾಯ್ದೆಯ 139ನೇ ಸೆಕ್ಷನ್ ಹೇಳುವುದು, ಚೆಕ್ಕು ಹಿಡಿದವರಿಗೆ ಅದು ಸಾಲ ತೀರಿಸಲೆಂದೇ ಬಂದದ್ದು ಎಂದು ಕೋರ್ಟು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಕೊಟ್ಟವರದು ಎಂದು. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ ಈ ಭಾವನೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಸಿಂಡಿಕೇಟ್ ಬ್ಯಾಂಕಿನ ಕುದುರೆಮುಖ ಶಾಖೆಯ ಮೇಲೆ ಬರೆದ 45,000 ರೂಪಾಯಿಯ ಚೆಕ್ಕು. ಹಣ ಕೊಡಬೇಡಿ ಎಂದು ಖಾತೆದಾರರು ತಿಳಿಸಿದ್ದರಿಂದ ಅದು ವಾಪಸಾಯಿತು. ಇದು ನಾನು ಸಹಿ ಹಾಕಿಟ್ಟಿದ್ದ ಖಾಲಿ ಚೆಕ್ಕು, ಕಳೆದುಹೋಗಿತ್ತು, ಕೈಗೆ ಸಿಕ್ಕಿದ್ದನ್ನು ಎದುರು ಪಕ್ಷದವರು ದುರುಪಯೋಗ ಮಾಡಿದ್ದಾರೆ ಎಂದು ಖಾತೆದಾರರು ವಾದಿಸಿದರು. ಕೆಳಗಿನ ಕೋರ್ಟು ಒಪ್ಪಿತು. ಕರ್ನಾಟಕ ಹೈಕೋರ್ಟು ಒಪ್ಪಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೈಕೋರ್ಟಿನ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಅದು ಎತ್ತಿ ತೋರಿಸಿದ ಒಂದು ಸಂಗತಿ, ಎದುರು ಪಕ್ಷ ಕಳಿಸಿದ ನೋಟಿಸಿಗೆ ಖಾತೆದಾರರು ಉತ್ತರವನ್ನೇ ಕೊಟ್ಟಿರಲಿಲ್ಲ. ಇದರಿಂದ ಕಲಿಯುವುದು ಎರಡು. ಸಹಿ ಹಾಕಿದ ಖಾಲಿ ಹಾಳೆ ಇಟ್ಟುಕೊಳ್ಳಬೇಡಿ. ವಕೀಲರ ನೋಟಿಸು ಬಂದರೆ ಸುಮ್ಮನಿರಬೇಡಿ.

ಭದ್ರತೆಗೆ ಚೆಕ್ಕು ಕೊಡದೆ ಸಾಲವೇ ಸಿಗದು ಎಂಬ ಸ್ಥಿತಿ ಇದ್ದರೆ ಇಷ್ಟಾದರೂ ಮಾಡಿ. ಹೆಸರು ಬರೆಯಿರಿ, ಮೊತ್ತ ಬರೆಯಿರಿ, ಕ್ರಾಸ್ ಮಾಡಿ. ಯಾವ ಸಂಖ್ಯೆಯ ಚೆಕ್ಕು, ಯಾವ ಸಾಲಕ್ಕೆ, ಯಾವ ಷರತ್ತಿನ ಮೇಲೆ ಎಂದು ಕಾಗದದಲ್ಲಿ ಬರೆಸಿ ಅವರ ಸಹಿ ಪಡೆಯಿರಿ. ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಸಾಲ ತೀರಿದ ದಿನವೇ ಆ ಚೆಕ್ಕುಗಳನ್ನು ವಾಪಸು ಪಡೆಯಿರಿ. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಂತೆ ಬಡ್ಡಿ ವ್ಯವಹಾರ ಮಾಡುವವರಿಗೆ ಲೈಸೆನ್ಸು ಬೇಕು, ಅವರು ಲೆಕ್ಕ ಇಡಬೇಕು, ಕೊಟ್ಟ ಹಣಕ್ಕೆ ರಸೀತಿ ಕೊಡಬೇಕು. ರಸೀತಿ ಕೊಡಲೊಲ್ಲದವರಿಗೆ ಸಹಿ ಹಾಕಿದ ಚೆಕ್ಕು ಯಾಕೆ ಕೊಡಬೇಕು?

ಚೆಕ್ಕು ಬೌನ್ಸಾದರೆ ಏನಾಗುತ್ತದೆ? ಇದನ್ನು ಅಪರಾಧವೆಂದು ಮಾಡಿದ 138ನೇ ಸೆಕ್ಷನ್ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಈಗ ಶಿಕ್ಷೆ ಎರಡು ವರ್ಷದವರೆಗೆ ಸೆರೆ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. 2018ರ ತಿದ್ದುಪಡಿಯಂತೆ ಮೊಕದ್ದಮೆ ನಡೆಯುತ್ತಿರುವಾಗಲೇ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಖಾತೆ ಮುಚ್ಚಿಬಿಟ್ಟರೆ, ಸ್ಟಾಪ್ ಪೇಮೆಂಟ್ ಹೇಳಿಬಿಟ್ಟರೆ ತಪ್ಪಿಸಿಕೊಳ್ಳಬಹುದು ಎಂದು ಕೆಲವರು ಎಣಿಸುತ್ತಾರೆ. ಕೊಡಬೇಕಾದ ಸಾಲವಿದ್ದು ಹೀಗೆ ಮಾಡಿದರೆ ಅದೂ ಇದೇ ಸೆಕ್ಷನ್ನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು ಎಂದೋ ಹೇಳಿಯಾಗಿದೆ.

ನೀವು ಹಣ ಬರಬೇಕಾದವರಾದರೆ ದಿನಗಳ ಲೆಕ್ಕ ಗಟ್ಟಿಯಾಗಿರಲಿ. ಚೆಕ್ಕು ವಾಪಸಾದದ್ದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರವಣಿಗೆಯಲ್ಲಿ ನೋಟಿಸು ಕೊಡಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂಬ ಮಾತು ಕೇಳುತ್ತ ಈ ಗಡುವು ಕಳೆದುಕೊಂಡವರು ಬಹಳ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಚೆಕ್ಕು ಬರೆಯುವವರು ತಿಳಿದಿರಬೇಕಾದ ಹೊಸ ಸಂಗತಿ ಒಂದಿದೆ. ಇವತ್ತು ಚೆಕ್ಕು ಕೊಟ್ಟು, ನಾಳೆ ನಾಡಿದ್ದರಲ್ಲಿ ಖಾತೆಗೆ ಹಣ ತುಂಬಿದರಾಯಿತು ಎಂಬ ಅಭ್ಯಾಸ ಎಷ್ಟೋ ವ್ಯಾಪಾರಿಗಳಿಗಿತ್ತು. 2025ರ ಅಕ್ಟೋಬರ್ 4ರಿಂದ ಅದಕ್ಕೆ ಎಡೆಯಿಲ್ಲ. ಹಗಲಿನ ನಿಗದಿತ ಹೊತ್ತಿನೊಳಗೆ ಬಂದ ಚೆಕ್ಕುಗಳ ಚಿತ್ರವನ್ನು ಬ್ಯಾಂಕುಗಳು ಆಗಿಂದಾಗಲೇ ಕಳಿಸುತ್ತವೆ. ಆ ಕಡೆಯ ಬ್ಯಾಂಕು ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು, ಏನೂ ಹೇಳದಿದ್ದರೆ ಒಪ್ಪಿದಂತೆ. ಅಂದರೆ ಚೆಕ್ಕು ಕೊಡುವ ಹೊತ್ತಿಗೇ ಖಾತೆಯಲ್ಲಿ ಹಣವಿರಬೇಕು. ತಪ್ಪು ಕಂಡರೆ ತಡೆಯಲು ನಿಮಗೆ ಸಿಗುವ ಸಮಯವೂ ಅಷ್ಟೇ ಕಡಿಮೆ. ಹಾಗಾಗಿ ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಸರಿಯಾಗಿದೆಯೇ ನೋಡಿಕೊಳ್ಳಿ, ಬಂದ ಸಂದೇಶವನ್ನು ಓದಿ.

ದೊಡ್ಡ ಮೊತ್ತಕ್ಕೆ ಪಾಸಿಟಿವ್ ಪೇ ಎಂಬ ರಕ್ಷಣೆ ಇದೆ. 2021ರ ಜನವರಿ 1ರಿಂದ ಜಾರಿಯಲ್ಲಿದೆ. 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಚೆಕ್ಕು ಬರೆದ ಮೇಲೆ ಅದರ ಸಂಖ್ಯೆ, ತಾರೀಕು, ಹೆಸರು, ಮೊತ್ತ ಇಷ್ಟನ್ನು ನೀವೇ ಬ್ಯಾಂಕಿಗೆ ಮೊದಲೇ ತಿಳಿಸುವುದು. ಬ್ಯಾಂಕಿನ ಆ್ಯಪಿನಲ್ಲಿ ಮಾಡಬಹುದು, ಶಾಖೆಗೆ ಹೋಗಿಯೂ ಮಾಡಬಹುದು. ಚೆಕ್ಕು ಬಂದಾಗ ಬ್ಯಾಂಕು ಹೊಂದಿಸಿ ನೋಡುತ್ತದೆ. ಲಂಡನ್ನಿನ ಗುಮಾಸ್ತನಂಥವರ ಆಟ ಇದರೆದುರು ಸಾಗದು. 5 ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಚೆಕ್ಕುಗಳಿಗೆ ಇದನ್ನು ಕಡ್ಡಾಯ ಮಾಡಲು ಬ್ಯಾಂಕುಗಳಿಗೆ ಅವಕಾಶವಿದೆ. ಹೀಗೆ ಮೊದಲೇ ತಿಳಿಸಿದ್ದರೆ ಮಾತ್ರ ಆಮೇಲಿನ ತಕರಾರನ್ನು ಕ್ಲಿಯರಿಂಗ್ ವ್ಯವಸ್ಥೆಯಲ್ಲಿ ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಮರೆಯಬೇಡಿ.

ಚೆಕ್ ಪುಸ್ತಕದ ಪಾಲನೆ ಬಗ್ಗೆ ನಾಲ್ಕು ಮಾತು. ಹೊಸ ಪುಸ್ತಕ ಬಂದ ದಿನವೇ ಹಾಳೆಗಳನ್ನು ಎಣಿಸಿ. ಕದಿಯುವವರು ಮೊದಲ ಹಾಳೆ ಕದಿಯುವುದಿಲ್ಲ, ನಡುವಿನದನ್ನೋ ಕೊನೆಯದನ್ನೋ ಹರಿಯುತ್ತಾರೆ. ಕೊಟ್ಟ ಪ್ರತಿ ಚೆಕ್ಕನ್ನೂ ಪುಸ್ತಕದ ಮೊದಲಿರುವ ಪಟ್ಟಿಯಲ್ಲಿ ಬರೆದಿಡಿ. ಪಾಸ್ ಪುಸ್ತಕ ಒಂದು ಕಡೆ, ಚೆಕ್ ಪುಸ್ತಕ ಒಂದು ಕಡೆ ಇರಲಿ. ಸಹಿಯ ಮಾದರಿ ಸಿಗುವ ಕಾಗದದ ಜೊತೆಯಂತೂ ಬೇಡ. ಹಾಳೆ ಕಳೆದರೆ ಕೂಡಲೇ ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಮಾಡಿಸಿ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂದ ಚೆಕ್ಕನ್ನು ಪೆಟ್ಟಿಗೆಗೆ ಹಾಕಿಯೇ ಬರಬೇಕೆಂದಿಲ್ಲ. ಕೌಂಟರಿನಲ್ಲಿ ಕೊಟ್ಟು ಸ್ವೀಕೃತಿ ಕೇಳಿದರೆ ಶಾಖೆ ಇಲ್ಲ ಎನ್ನುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಹೇಳಿದೆ.

ಹಳೆಯ ಪುಸ್ತಕಗಳ ವಿಷಯ ಕರ್ನಾಟಕದವರಿಗೆ ವಿಶೇಷವಾಗಿ ಹೇಳಬೇಕು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಆ ಹೆಸರುಗಳ ಚೆಕ್ ಹಾಳೆಗಳು ಈಗ ನಡೆಯುವುದಿಲ್ಲ. ಅಭಿಮಾನಕ್ಕೆ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ವ್ಯವಹಾರಕ್ಕೆ ತೆಗೆಯಬೇಡಿ. ಅವುಗಳಲ್ಲಿ ಸಹಿ ಹಾಕಿದ್ದು ಇದ್ದರೆ ಹರಿದುಹಾಕಿ.

ಹಿರಿಯರಿಗೆ ಒಂದು ಮಾತು. ವಯಸ್ಸಾದಂತೆ ಕೈ ನಡುಗಿ ಸಹಿ ಬದಲಾಗುತ್ತದೆ, ಚೆಕ್ಕು ವಾಪಸು ಬರುತ್ತದೆ. ಆಗ ಮಗನಿಗೋ ಮೊಮ್ಮಗನಿಗೋ ನನ್ನಂತೆ ಸಹಿ ಹಾಕು ಎನ್ನಬೇಡಿ. ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಡಿ. ಸಹಿ ಹಾಕಲು ಆಗದಷ್ಟು ಕಾಯಿಲೆಯಿದ್ದರೆ ಹೆಬ್ಬೆಟ್ಟಿನ ಗುರುತಿಗೆ ಅವಕಾಶವಿದೆ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ. ಮನೆಯವರೂ ಕೇಳಿ. ಹಿರಿಯರು ತೀರಿಕೊಂಡ ಮೇಲೆ ಅವರು ಸಹಿ ಹಾಕಿಟ್ಟ ಚೆಕ್ಕಿನಿಂದ ಹಣ ತೆಗೆಯುವುದು ತಪ್ಪು. ಅದಕ್ಕೆ ನಾಮಿನಿ ಎಂಬ ನೇರ ದಾರಿಯಿದೆ. ಅದನ್ನು ಬದುಕಿರುವಾಗಲೇ ಬರೆಸಿಡಿ.

ಕೇಳುಗರೇ, ಚೆಕ್ಕು ಹಳೆಯ ಸಾಧನ. ಆದರೆ ಮೊಬೈಲಿನ ಗುಂಡಿ ಒತ್ತುವಾಗ ಸಿಗದ ಒಂದು ಅನುಕೂಲ ಇದರಲ್ಲಿದೆ: ಕೊಡುವ ಮುಂಚೆ ನಿಧಾನವಾಗಿ ಬರೆಯಲು, ಬರೆದದ್ದನ್ನು ಓದಲು ನಿಮಗೆ ಸಮಯ ಸಿಗುತ್ತದೆ. ಆ ಸಮಯವನ್ನು ಬಳಸಿಕೊಳ್ಳಿ. ನಿಮ್ಮ ಮನೆಯಲ್ಲಿ ಮೊದಲ ಚೆಕ್ ಪುಸ್ತಕ ಬಂದಿರುವ ಮಗನೋ ಮಗಳೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆ ಬರೆಸಿ ಕಲಿಸಿ. ತಾರೀಕು, ಹೆಸರು, ಅಕ್ಷರ, ಅಂಕಿ, ಎರಡು ಓರೆಗೆರೆ, ಒಮ್ಮೆ ಓದುವುದು. ಇವಿಷ್ಟೂ ಮುಗಿಯುವವರೆಗೆ, ಕೇಳಿದವರು ಎಷ್ಟೇ ಹತ್ತಿರದವರಾಗಿರಲಿ, ಸಹಿ ಹಾಕಬೇಡಿ.